ಬಂದದ್ದೆಷ್ಟು, ಉಳಿದದ್ದೆಷ್ಟು: ಮೇಲುಗಾಳಿಯ ಲೋಹಗಳ ಲೆಕ್ಕ

ನೆಲದಿಂದ 80 ಕಿಲೋಮೀಟರ್ ದಾಟಿದ ಮೇಲೆ, 105 ಕಿಲೋಮೀಟರ್ ಮುಟ್ಟುವುದರೊಳಗೆ, ಗಾಳಿಯಲ್ಲಿ ಲೋಹವಿದೆ. ಸೋಡಿಯಂ, ಕಬ್ಬಿಣ, ಮೆಗ್ನೀಸಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ. ಉಪ್ಪಾಗಿಯೋ ತುಕ್ಕಾಗಿಯೋ ಅಲ್ಲ, ಬಿಡಿಬಿಡಿ ಪರಮಾಣುಗಳಾಗಿ, ಇನ್ನೂ ಮೇಲಕ್ಕೆ ಹೋದರೆ ವಿದ್ಯುದಂಶ ಹೊತ್ತ ಅಯಾನುಗಳಾಗಿ. ಪ್ರಮಾಣ ಮಾತ್ರ ತೀರ ಕಡಿಮೆ. ಪದರದ ನಟ್ಟನಡುವೆ, ಸುಮಾರು 90 ಕಿಲೋಮೀಟರ್ ಎತ್ತರದಲ್ಲಿ, ಒಂದು ಘನ ಸೆಂಟಿಮೀಟರ್ ಗಾಳಿಯಲ್ಲಿ ಸಿಗುವ ಸೋಡಿಯಂ ಪರಮಾಣುಗಳು ಕೆಲವು ಸಾವಿರ ಅಷ್ಟೆ. ಸಾವಿರಾರು ಕೋಟಿ ಗಾಳಿಯ ಅಣುಗಳ ನಡುವೆ ಒಂದು. ಭೂಮಿಯ ಸುತ್ತಲಿನ ಇಡೀ ಸೋಡಿಯಂ ಪದರವನ್ನು ಒಟ್ಟುಮಾಡಿ ತೂಗಿದರೆ ಒಂದು ಟನ್ನಿಗೂ ಕಡಿಮೆ ಬರುತ್ತದೆ, ಕಬ್ಬಿಣದ್ದು ಐದು ಟನ್ನಿನ ಆಸುಪಾಸು. ಎರಡೂ ಸೇರಿ ಒಂದು ಲಾರಿಯ ಲೋಡು. ಇಷ್ಟು ಸರಕಿನ ಮೇಲೆ ತೊಂಬತ್ತು ವರ್ಷಗಳಿಂದ ವಾದ ನಡೆದಿದೆ, ಇನ್ನೂ ಪೂರ್ತಿ ಮುಗಿದಿಲ್ಲ. ಮುಗಿಯದಿರುವುದಕ್ಕೆ ಒಂದು ಕಾರಣವಿದೆ ಎಂಬುದು ಈ ಲೇಖನದ ವಾದ. ಆ ಎತ್ತರದಲ್ಲಿ ನಮ್ಮ ಉಪಕರಣಗಳಿಗೆ ಕಾಣುವುದು ಅಲ್ಲಿಗೆ ಬಂದ ಲೋಹವಲ್ಲ, ಬಂದದ್ದರಲ್ಲಿ ಪರಮಾಣು ರೂಪದಲ್ಲಿ ಉಳಿದ ಲೋಹ. ಬಂದದ್ದಕ್ಕೂ ಉಳಿದದ್ದಕ್ಕೂ ನಡುವೆ ಶಾಖ, ರಸಾಯನ ಕ್ರಿಯೆ, ಗಾಳಿ ಮತ್ತು ಕಾಂತಕ್ಷೇತ್ರ ಕೈಯಾಡಿಸುತ್ತವೆ. ಈ ಭೇದವನ್ನು ಮರೆತಾಗಲೆಲ್ಲ ವಿಜ್ಞಾನಿಗಳು ದಾರಿ ತಪ್ಪಿದ್ದಾರೆ; ನೆನಪಿಟ್ಟುಕೊಂಡಾಗ ಒಗಟುಗಳು ಒಂದೊಂದಾಗಿ ಬಿಡಿಸಿಕೊಂಡಿವೆ.

ಮೊದಲ ಸುಳಿವು ಸಿಕ್ಕಿದ್ದು 1929ರಲ್ಲಿ. ಅಮೆರಿಕದ ಅರಿಝೋನಾದ ಲೊವೆಲ್ ವೀಕ್ಷಣಾಲಯದಲ್ಲಿ ವೆಸ್ಟೊ ಸ್ಲೈಫರ್ ರಾತ್ರಿಯಾಕಾಶದ ಮಂದ ಬೆಳಕಿನ ರೋಹಿತದಲ್ಲಿ ಹಳದಿ ಭಾಗದ ಒಂದು ರೇಖೆಯನ್ನು ಗುರುತಿಸಿದ. ಅದು 589 ನ್ಯಾನೊಮೀಟರ್ ತರಂಗಾಂತರದ ಸೋಡಿಯಂ ರೇಖೆ ಎಂದು ಖಚಿತವಾಗಲು ಇನ್ನೊಂದು ದಶಕ ಬೇಕಾಯಿತು. ಖಚಿತವಾದ ಕೂಡಲೇ ಬೇರೆಯೇ ತಲೆನೋವು ಶುರುವಾಯಿತು: ಸೂರ್ಯ ಮುಳುಗಿ ಎಷ್ಟೋ ಹೊತ್ತಾದ ಮೇಲೂ ಈ ಸೋಡಿಯಂ ಹೊಳೆಯಲು ಶಕ್ತಿ ಎಲ್ಲಿಂದ ಬರುತ್ತದೆ? 1939ರಲ್ಲಿ ಸಿಡ್ನಿ ಚಾಪ್‌ಮನ್ ಕೊಟ್ಟ ಉತ್ತರ ಇವತ್ತಿಗೂ ನಿಂತಿದೆ. ಸೋಡಿಯಂ ಪರಮಾಣು ಓಝೋನಿನಿಂದ ಒಂದು ಆಮ್ಲಜನಕವನ್ನು ಕಿತ್ತುಕೊಂಡು ಸೋಡಿಯಂ ಆಕ್ಸೈಡ್ ಆಗುತ್ತದೆ. ಆ ಆಕ್ಸೈಡಿಗೆ ಬಿಡಿ ಆಮ್ಲಜನಕ ಪರಮಾಣು ಬಂದು ತಗುಲಿದಾಗ ಸೋಡಿಯಂ ಮತ್ತೆ ಬಿಡುಗಡೆಯಾಗುತ್ತದೆ, ಕೆಲವು ಸಲ ಉದ್ರಿಕ್ತ ಸ್ಥಿತಿಯಲ್ಲಿ, ಆಗ ಹಳದಿ ಬೆಳಕು ಹೊಮ್ಮುತ್ತದೆ. ಖರ್ಚಾಗುವುದು ಓಝೋನ್ ಮತ್ತು ಬಿಡಿ ಆಮ್ಲಜನಕ. ಸೋಡಿಯಂ ಖರ್ಚಾಗದೆ ಮತ್ತೆ ಮತ್ತೆ ಅದೇ ಸುತ್ತು ಹಾಕುತ್ತದೆ. ಅಷ್ಟು ಕಡಿಮೆ ಸರಕು ಇಷ್ಟು ಎದ್ದು ಕಾಣುವುದು ಹೀಗೆ. ಬೆಳಕು ಹೆಚ್ಚಿದರೆ ಸೋಡಿಯಂ ಹೆಚ್ಚಿದೆ ಎಂದು ಹೇಳಲಾಗದು, ಓಝೋನ್ ಹೆಚ್ಚಿರಬಹುದು ಎಂಬ ಎಚ್ಚರಿಕೆಯೂ ಚಾಪ್‌ಮನ್ನನ ಆ ಎರಡು ಸಮೀಕರಣಗಳಲ್ಲೇ ಅಡಗಿತ್ತು.

ಸೋಡಿಯಂ ಎಲ್ಲಿಂದ ಬಂತು ಎಂಬ ಜಗಳ ಇದಕ್ಕಿಂತ ಉದ್ದ ಎಳೆಯಿತು. ಉಲ್ಕೆಗಳಿಂದ ಎಂಬುದು ಒಂದು ಪಕ್ಷ, ಸಮುದ್ರದ ಉಪ್ಪಿನಿಂದ ಎಂಬುದು ಇನ್ನೊಂದು. ಇವತ್ತು ಎರಡನೆಯದನ್ನು ಕೇಳಿ ನಗುವುದು ಸುಲಭ, ಆದರೆ ಅದರ ಹಿಂದೆ ಗಟ್ಟಿ ಲೆಕ್ಕವೇ ಇತ್ತು. ಸಮುದ್ರದ ನೀರಿನಲ್ಲಿ ಒಂದು ಪೊಟ್ಯಾಸಿಯಂ ಪರಮಾಣುವಿಗೆ ನಲವತ್ತೈದರ ಆಸುಪಾಸು ಸೋಡಿಯಂ ಪರಮಾಣುಗಳಿವೆ. ಸಾಮಾನ್ಯ ಉಲ್ಕಾಶಿಲೆಗಳಲ್ಲಿ ಹದಿನೈದರ ಸುಮಾರು. ಮೇಲಿನ ಪದರದಲ್ಲಿ ಅಳೆದರೆ ಸಿಕ್ಕ ಅನುಪಾತ ಉಲ್ಕಾಶಿಲೆಗಿಂತ ಸಮುದ್ರದ ಕಡೆಗೇ ವಾಲುತ್ತಿತ್ತು. ಅಂಕಿಗಳನ್ನಷ್ಟೇ ನಂಬುವವರಾದರೆ ಸಮುದ್ರ ಗೆಲ್ಲಬೇಕಿತ್ತು. ಗೆಲ್ಲಲಿಲ್ಲ, ಏಕೆಂದರೆ ಬೇರೆ ಸಾಕ್ಷಿಗಳು ಎದುರು ನಿಂತವು. ಸಮುದ್ರದ ಉಪ್ಪಿನ ಕಣಗಳು ಮಳೆಯ ಕೈಗೆ ಸಿಕ್ಕಿ ಕೆಳಗೇ ತೊಳೆದುಹೋಗುತ್ತವೆ. ಮಳೆ ಮೋಡಗಳನ್ನೂ ಅವುಗಳ ಮೇಲಿನ ಒಣ ಸಮೋಷ್ಣ ಮಂಡಲವನ್ನೂ ದಾಟಿ 90 ಕಿಲೋಮೀಟರ್ ಏರುವ ದಾರಿ ಅವಕ್ಕಿಲ್ಲ. 1960ರ ಆಸುಪಾಸಿನಲ್ಲಿ ಸೋವಿಯತ್ ಒಕ್ಕೂಟದ ಇಸ್ತೊಮಿನ್, ಆಮೇಲೆ ಅಮೆರಿಕದ ನಾರ್ಸಿಸಿ, ರಾಕೆಟ್‌ಗಳಲ್ಲಿ ದ್ರವ್ಯರಾಶಿ ರೋಹಿತಮಾಪಕಗಳನ್ನು ಕಳಿಸಿದಾಗ ಕಂಡ ಲೋಹದ ಅಯಾನುಗಳಲ್ಲಿ ಮೆಗ್ನೀಸಿಯಂ, ಕಬ್ಬಿಣಗಳದೇ ದರ್ಬಾರು. ಸಮುದ್ರದ ನೀರಿನಲ್ಲಿ ಕರಗಿದ ಕಬ್ಬಿಣ ಇಲ್ಲವೆಂದೇ ಹೇಳಬೇಕು. ಉಲ್ಕಾಶಿಲೆಯಲ್ಲಿ ಅದು ಪ್ರಧಾನ ಲೋಹಗಳಲ್ಲಿ ಒಂದು. ಕೊನೆಯ ಸಾಕ್ಷಿ ಬಂದದ್ದು ಬೇರೆ ಗ್ರಹದಿಂದ. 2014ರಲ್ಲಿ ಮಂಗಳದ ಕಕ್ಷೆ ಸೇರಿದ ಮೇವನ್ ನೌಕೆ ಅಲ್ಲಿನ ಮೇಲುಗಾಳಿಯಲ್ಲಿ ಮೆಗ್ನೀಸಿಯಂ, ಕಬ್ಬಿಣ, ಸೋಡಿಯಂ ಅಯಾನುಗಳು ಸದಾ ಇರುವುದನ್ನು ಕಂಡಿತು. ಮಂಗಳದಲ್ಲಿ ಸಮುದ್ರವಿಲ್ಲ.

ಹಾಗಾದರೆ ಪೊಟ್ಯಾಸಿಯಂ ಅನುಪಾತ ಸುಳ್ಳು ಹೇಳಿತೇ? ಇಲ್ಲ, ಅದನ್ನು ಓದಿದ ಬಗೆ ಸರಿಯಿರಲಿಲ್ಲ. ಪದರವನ್ನು ಉಲ್ಕಾಶಿಲೆಯ ತದ್ರೂಪವೆಂದು ಎಣಿಸಿದ್ದೇ ಎಡವಟ್ಟು. ಇದಕ್ಕಿಂತ ಢಾಳಾದ ಉದಾಹರಣೆ ಕ್ಯಾಲ್ಸಿಯಂ. ಉಲ್ಕಾಶಿಲೆಗಳಲ್ಲಿ ಸೋಡಿಯಂ ಎಷ್ಟೋ ಹೆಚ್ಚುಕಡಿಮೆ ಕ್ಯಾಲ್ಸಿಯಂ ಕೂಡ ಅಷ್ಟೇ. ಮೇಲಿನ ಗಾಳಿಯಲ್ಲಿ ಕ್ಯಾಲ್ಸಿಯಂ ಪರಮಾಣುಗಳು ಸೋಡಿಯಂನ ನೂರರಲ್ಲಿ ಒಂದು ಪಾಲಿಗೂ ಕಡಿಮೆ. ಉಳಿದದ್ದು ಎಲ್ಲಿ ಹೋಯಿತು ಎಂದು ಕೇಳಿದರೆ, ಬಹುಪಾಲು ಗಾಳಿಗೆ ಇಳಿಯಲೇ ಇಲ್ಲ ಎನ್ನಬೇಕು. ಮೇಲಿಂದ ಬೀಳುವ ಧೂಳಿನ ಕಣ ಸೆಕೆಂಡಿಗೆ 11ರಿಂದ 72 ಕಿಲೋಮೀಟರ್ ವೇಗದಲ್ಲಿ ಬರುತ್ತದೆ. ಹೆಚ್ಚಿನ ರಾಶಿ ಇರುವುದು ಮಿಲಿಮೀಟರಿನ ಒಂದೆರಡು ದಶಾಂಶದಷ್ಟು ಅಗಲದ ಕಣಗಳಲ್ಲಿ. ಗಾಳಿಯ ಅಣುಗಳು ಬಡಿದು ಕಣ ಕಾಯುತ್ತದೆ, ಕರಗುತ್ತದೆ. ಕಾದಂತೆ ಮೊದಲು ಹಾರಿಹೋಗುವುದು ಸೋಡಿಯಂ ಮತ್ತು ಪೊಟ್ಯಾಸಿಯಂ, ಆಮೇಲೆ ಕಬ್ಬಿಣ, ಮೆಗ್ನೀಸಿಯಂ, ಸಿಲಿಕಾನ್, ಕಟ್ಟಕಡೆಗೆ ಕ್ಯಾಲ್ಸಿಯಂ, ಅಲ್ಯೂಮಿನಿಯಂ. ಕಣ ಸಣ್ಣದಾಗಿದ್ದು ನಿಧಾನಕ್ಕೆ ಬಂದರೆ ಆ ಕೊನೆಯ ಹಂತ ಬರುವ ಮೊದಲೇ ಅದರ ವೇಗ ಇಳಿದು ತಣ್ಣಗಾಗುತ್ತದೆ, ಕ್ಯಾಲ್ಸಿಯಂ ಕಣದೊಳಗೇ ಉಳಿದು ನೆಲಕ್ಕೆ ಬೀಳುತ್ತದೆ. ಲೀಡ್ಸ್ ವಿಶ್ವವಿದ್ಯಾಲಯದ ಜಾನ್ ಪ್ಲೇನ್ ಮತ್ತು ಸಂಗಡಿಗರು ಇದನ್ನು ಲೆಕ್ಕದಲ್ಲಿ ತೋರಿಸಿ ಸುಮ್ಮನಾಗಲಿಲ್ಲ. ಪುಡಿಮಾಡಿದ ಉಲ್ಕಾಶಿಲೆಯ ಕಣಗಳನ್ನು ಟಂಗ್‌ಸ್ಟನ್ ತಂತುವಿನ ಮೇಲಿಟ್ಟು, ಗಾಳಿಗೆ ನುಗ್ಗುವ ಕಣ ಕಾಯುವ ಗತಿಯಲ್ಲೇ ಕಾಯಿಸಿ, ಹೊರಬರುವ ಪರಮಾಣುಗಳನ್ನು ಲೇಸರಿನಿಂದ ಎಣಿಸಿದರು. ಸೋಡಿಯಂ ಮುಂಚೆ, ಕ್ಯಾಲ್ಸಿಯಂ ತಡವಾಗಿ ಎಂಬುದು ಆ ಪುಟ್ಟ ಕೋಣೆಯಲ್ಲೇ ಕಂಡಿತು. ಬಂದದ್ದರಲ್ಲಿ ಏನು ಗಾಳಿಗೆ ದಕ್ಕುತ್ತದೆ ಎಂಬ ಮೊದಲ ಜರಡಿ ಇದು.

ಎರಡನೆಯ ಜರಡಿ ರಸಾಯನದ್ದು. ಸೋಡಿಯಂ ಪದರದ ಕೆಳ ಅಂಚನ್ನು ಲೈಡಾರಿನಲ್ಲಿ, ಅಂದರೆ ಲೇಸರ್ ಹೊಡೆದು ಮರಳಿ ಬಂದ ಬೆಳಕನ್ನು ಅಳೆಯುವ ಉಪಕರಣದಲ್ಲಿ, ನೋಡಿದರೆ ಅದು ಮಸುಕಾಗಿ ಕರಗುವುದಿಲ್ಲ, ಕಡಿದಿಟ್ಟಂತೆ ಎರಡು ಮೂರು ಕಿಲೋಮೀಟರಿನಲ್ಲೇ ಮುಗಿದುಹೋಗುತ್ತದೆ. ಗಾಳಿಯಷ್ಟೇ ಕಲಸಿದ್ದರೆ ಇಷ್ಟು ಚೂಪಾದ ಅಂಚು ಸಾಧ್ಯವಿಲ್ಲ. 80 ಕಿಲೋಮೀಟರಿನ ಸುತ್ತ ಬಿಡಿ ಆಮ್ಲಜನಕ ಪರಮಾಣುಗಳು ಥಟ್ಟನೆ ಕಡಿಮೆಯಾಗುತ್ತವೆ. ಅವಿಲ್ಲದೆ ಸೋಡಿಯಂ ತನ್ನ ಸಂಯುಕ್ತಗಳಿಂದ ಬಿಡಿಸಿಕೊಳ್ಳಲಾರದೆ ಸೋಡಿಯಂ ಬೈಕಾರ್ಬನೇಟ್ ಆಗಿ ಕೂತುಬಿಡುತ್ತದೆ. ಅಡುಗೆ ಸೋಡಾ 80 ಕಿಲೋಮೀಟರ್ ಎತ್ತರದಲ್ಲಿ ಹುಟ್ಟುತ್ತದೆ ಎಂದಾಯಿತು. ಈ ಬೈಕಾರ್ಬನೇಟನ್ನು ಹೈಡ್ರೋಜನ್ ಪರಮಾಣು ಮತ್ತೆ ಒಡೆಯಬಲ್ಲದು, ಆದರೆ ಅದಕ್ಕೆ ಒಂದಿಷ್ಟು ಬಿಸಿ ಬೇಕು. ಈ ಎತ್ತರದಲ್ಲೇ ಇರುವ ಮಧ್ಯಂತರ ಮಂಡಲದ ತುದಿ ಬೇಸಿಗೆಯಲ್ಲೇ ಅತಿ ತಣ್ಣಗಿರುತ್ತದೆ. ಧ್ರುವಗಳ ಮೇಲೆ ಶೂನ್ಯದ ಕೆಳಗೆ 140 ಡಿಗ್ರಿ ಸೆಲ್ಸಿಯಸ್‌ಗೂ ಇಳಿಯುತ್ತದೆ. ಆದ್ದರಿಂದ ಸೋಡಿಯಂ ಬೇಸಿಗೆಯಲ್ಲಿ ಕಡಿಮೆ, ಚಳಿಗಾಲದಲ್ಲಿ ಹೆಚ್ಚು. ಪೊಟ್ಯಾಸಿಯಂ ಮಾತ್ರ ಈ ನಿಯಮ ಮುರಿದು ವರ್ಷಕ್ಕೆ ಎರಡು ಸಲ ಏರುತ್ತದೆ, ಬೇಸಿಗೆಯಲ್ಲೂ ಚಳಿಗಾಲದಲ್ಲೂ. ಒಂದೇ ಗುಂಪಿನ ಅಣ್ಣತಮ್ಮಂದಿರಂಥ ಎರಡು ಲೋಹಗಳು ಹೀಗೇಕೆ ಬೇರೆ ಬೇರೆ ನಡೆಯುತ್ತವೆ ಎಂಬುದು ದಶಕಗಳ ಕಾಲ ಒಗಟಾಗಿತ್ತು. 2014ರಲ್ಲಿ ಪ್ಲೇನ್ ತಂಡ ಕಾರಣ ಕೊಟ್ಟಿತು: ಪೊಟ್ಯಾಸಿಯಂ ಬೈಕಾರ್ಬನೇಟನ್ನು ಹೈಡ್ರೋಜನ್ ಆ ಚಳಿಯಲ್ಲಿ ಒಡೆಯುವುದೇ ಇಲ್ಲ, ಹಾಗಾಗಿ ಅಲ್ಲಿ ಬಿಸಿ ಚಳಿಯ ಆಟ ನಡೆಯದು, ಇನ್ನೊಂದೆಡೆ, ತಣ್ಣನೆಯ ಬೇಸಿಗೆಯಲ್ಲಿ ಪೊಟ್ಯಾಸಿಯಂ ಅಯಾನುಗಳು ಬೇರೆ ಅಣುಗಳ ಜೊತೆ ಗೊಂಚಲು ಕಟ್ಟಿ ಬೇಗ ತಟಸ್ಥಗೊಂಡು ಪರಮಾಣುವಾಗುತ್ತವೆ. ಬರುವ ಧೂಳು ಒಂದೇ ಆದರೂ ಪದರ ಎರಡು ಬಗೆಯಾಯಿತು. ಪೊಟ್ಯಾಸಿಯಂ ಇಷ್ಟೊಂದು ರೂಪಗಳಲ್ಲಿ ಮರೆಯಾಗಬಲ್ಲದು ಎಂದ ಮೇಲೆ, ಪರಮಾಣುಗಳನ್ನಷ್ಟೇ ಎಣಿಸಿ ಸಮುದ್ರವನ್ನು ಮೂಲವೆಂದು ಹೇಳುವ ವಾದಕ್ಕೆ ಬಲ ಉಳಿಯುವುದಿಲ್ಲ.

ಈ ಋತುಭೇದ ತೀರ ಪುಸ್ತಕದ ಮಾತೇನಲ್ಲ. ದೊಡ್ಡ ದೂರದರ್ಶಕಗಳು 589 ನ್ಯಾನೊಮೀಟರಿನ ಲೇಸರನ್ನು ಮೇಲಕ್ಕೆ ಹೊಡೆದು, ಸೋಡಿಯಂ ಪದರದಲ್ಲಿ ಒಂದು ಕೃತಕ ನಕ್ಷತ್ರವನ್ನು ಹೊಳೆಯಿಸಿ, ಅದರ ನಡುಕ ನೋಡಿ ವಾತಾವರಣದ ಕಲಕನ್ನು ತಿದ್ದಿಕೊಳ್ಳುತ್ತವೆ. ಆಕಾಶಗಂಗೆಯ ನಡುವಿನ ಕಪ್ಪುಕುಳಿಯನ್ನು ಸುತ್ತುವ ನಕ್ಷತ್ರಗಳನ್ನು ಹವಾಯಿಯ ಕೆಕ್ ದೂರದರ್ಶಕದಿಂದ ಅಳೆದು 2020ರ ನೊಬೆಲ್ ಪಡೆದ ಆಂಡ್ರಿಯಾ ಘೆಝ್ ಅವರ ತಂಡ ಇದನ್ನು ಬಳಸಿತ್ತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಭಾರತದ ಪಾಲನ್ನು ನೋಡಿಕೊಳ್ಳುತ್ತಿರುವ ಮೂವತ್ತು ಮೀಟರ್ ದೂರದರ್ಶಕದ ಯೋಜನೆಯಲ್ಲೂ ಸೋಡಿಯಂ ಲೇಸರ್‌ಗಳಿವೆ. ಸೋಡಿಯಂ ಇಳಿದ ತಿಂಗಳಲ್ಲಿ ಅದೇ ಲೇಸರ್ ಹೊಳೆಯಿಸುವ ನಕ್ಷತ್ರವೂ ಮಂಕಾಗುತ್ತದೆ.

ಮೂರನೆಯ ಜರಡಿ ಅಯಾನುಗಳ ಲೋಕದ್ದು. ಭಾರತಕ್ಕೆ ಹೆಚ್ಚು ಹತ್ತಿರದ್ದೂ ಹೌದು. 100 ಕಿಲೋಮೀಟರಿನ ಸುತ್ತಮುತ್ತ ಕೆಲವೊಮ್ಮೆ ಒಂದೆರಡು ಕಿಲೋಮೀಟರ್ ದಪ್ಪದ, ಎಲೆಕ್ಟ್ರಾನ್‌ಗಳು ಒತ್ತೊತ್ತಾಗಿ ತುಂಬಿದ ಹಾಳೆ ಏರ್ಪಡುತ್ತದೆ. ಬಿಡಿಬಿಡಿಯಾಗಿ, ಹೇಳದೆ ಕೇಳದೆ ಬರುವುದರಿಂದ ಅದಕ್ಕೆ ಸ್ಪೊರಾಡಿಕ್ ಇ ಎಂಬ ಹೆಸರು. ಸಾಮಾನ್ಯವಾಗಿ ನೇರ ಮೇಲೆ ಹಾದುಹೋಗಬೇಕಾದ ವಿಎಚ್‌ಎಫ್ ರೇಡಿಯೊ ತರಂಗಗಳು ಇದಕ್ಕೆ ತಗುಲಿ ಸಾವಿರಾರು ಕಿಲೋಮೀಟರ್ ಆಚೆ ಇಳಿಯುತ್ತವೆ; ಹ್ಯಾಮ್ ರೇಡಿಯೊದವರು ಇದಕ್ಕಾಗಿ ಕಾದು ಕೂರುತ್ತಾರೆ. ಈ ಹಾಳೆ ಗಂಟೆಗಟ್ಟಲೆ ಉಳಿಯುವುದೇ ಲೋಹದಿಂದ. ಆಮ್ಲಜನಕದ, ನೈಟ್ರಿಕ್ ಆಕ್ಸೈಡಿನ ಅಣು ಅಯಾನುಗಳು ಎಲೆಕ್ಟ್ರಾನ್ ಸಿಕ್ಕಿದರೆ ಎರಡು ಹೋಳಾಗಿ ಶಕ್ತಿಯನ್ನು ಹಂಚಿಕೊಂಡು ತಟಸ್ಥವಾಗುತ್ತವೆ, ಹಗಲಿನಲ್ಲಾದರೆ ನಿಮಿಷದೊಳಗೆ. ಒಂಟಿ ಲೋಹದ ಅಯಾನು ಒಡೆಯುವುದು ಹೇಗೆ? ಶಕ್ತಿಯನ್ನು ಬೆಳಕಾಗಿ ಮಾತ್ರ ಕಳೆದುಕೊಳ್ಳಬೇಕು, ಅದು ಲಕ್ಷ ಪಟ್ಟು ನಿಧಾನ. ಹಾಗಾಗಿ ದಿನಗಟ್ಟಲೆ ಬದುಕುತ್ತದೆ. ಅಷ್ಟು ಹೊತ್ತು ಬದುಕಿದ್ದನ್ನು ಒಂದೆಡೆ ಗುಡ್ಡೆ ಹಾಕುವುದು ಗಾಳಿ. ಮೇಲಿನ ಗಾಳಿ ಒಂದು ದಿಕ್ಕಿಗೆ, ಕೆಳಗಿನದು ಎದುರು ದಿಕ್ಕಿಗೆ ಬೀಸಿದಾಗ ಭೂಮಿಯ ಕಾಂತಕ್ಷೇತ್ರ ಅಯಾನುಗಳನ್ನು ಮೇಲಿನಿಂದ ಕೆಳಕ್ಕೂ ಕೆಳಗಿನಿಂದ ಮೇಲಕ್ಕೂ ತಳ್ಳಿ ನಡುವೆ ಹಿಂಡುತ್ತದೆ ಎಂದು 1961ರಲ್ಲಿ ವೈಟ್‌ಹೆಡ್ ತೋರಿಸಿಕೊಟ್ಟ.

ಇಲ್ಲಿ ನಮ್ಮ ದಕ್ಷಿಣ ತುದಿ ಒಂದು ಒಳ್ಳೆಯ ಪರೀಕ್ಷೆ ಒಡ್ಡುತ್ತದೆ. ಕಾಂತೀಯ ಸಮಭಾಜಕ ಹಾದುಹೋಗುವ ಕಡೆ ಕ್ಷೇತ್ರರೇಖೆಗಳು ನೆಲಕ್ಕೆ ಸಮಾನಾಂತರ. ಗಾಳಿ ಎಷ್ಟೇ ಎದುರುಬದುರು ಬೀಸಿದರೂ ಈ ಹಿಂಡುವಿಕೆ ಅಲ್ಲಿ ಸಾಗದು. ಉಲ್ಕೆಗಳು ಅಲ್ಲೂ ಬೀಳುತ್ತವೆ, ಲೋಹ ಅಲ್ಲೂ ಇದೆ. ಆದರೂ ಅಲ್ಲಿ ಹಗಲಿನಲ್ಲಿ ಕಾಣುವ ಸ್ಪೊರಾಡಿಕ್ ಇ ಬೇರೆ ಜಾತಿಯದು, ಸಮಭಾಜಕದ ವಿದ್ಯುತ್ ಪ್ರವಾಹದ ಅಸ್ಥಿರತೆಯಿಂದ ಹುಟ್ಟಿದ್ದು. ಕೇರಳದ ತುಂಬಾ ಎಂಬ ಊರನ್ನು ರಾಕೆಟ್ ಉಡ್ಡಯನಕ್ಕೆ ಆರಿಸಿದ್ದೇ ಆ ಪ್ರವಾಹವನ್ನು ಅಳೆಯಲು. 1963ರ ನವೆಂಬರ್ 21ರ ಸಂಜೆ ಅಲ್ಲಿಂದ ಹೊರಟ ಮೊದಲ ರಾಕೆಟ್, ನೈಕಿ ಅಪಾಚೆ, ಮೇಲೆ ಹೋಗಿ ಬಿಟ್ಟದ್ದು ಸೋಡಿಯಂ ಆವಿಯ ಮೋಡ ಎಂಬುದನ್ನು ಇಲ್ಲಿ ನೆನೆಯಬೇಕು. ಮುಳುಗಿದ ಸೂರ್ಯನ ಬೆಳಕು ತಾಗಿ ಹೊಳೆದ ಆ ಮೋಡ ಹರಿದ ದಿಕ್ಕಿನಿಂದ ಮೇಲಿನ ಗಾಳಿಯನ್ನು ಅಳೆದರು. ಸಮಭಾಜಕದಿಂದ ತುಸು ಉತ್ತರಕ್ಕೆ, ತಿರುಪತಿಯ ಬಳಿ ಗಾದಂಕಿಯ ರಾಷ್ಟ್ರೀಯ ವಾತಾವರಣ ಸಂಶೋಧನಾ ಪ್ರಯೋಗಾಲಯದಲ್ಲಿ ರಡಾರೂ ಇದೆ, ಸೋಡಿಯಂ ಲೈಡಾರೂ ಇದೆ. ಅಯಾನಿನ ಹಾಳೆಯನ್ನೂ ತಟಸ್ಥ ಪರಮಾಣುಗಳನ್ನೂ ಒಂದೇ ಆಕಾಶದಲ್ಲಿ ನೋಡುವ ಅನುಕೂಲ ಅಲ್ಲಿದೆ. ಸಮಭಾಜಕದ ವಿದ್ಯುತ್ ಕ್ಷೇತ್ರ ಲೋಹದ ಅಯಾನುಗಳನ್ನು ಕಾರಂಜಿಯಂತೆ ಮೇಲೆತ್ತಿ ನೂರಾರು ಕಿಲೋಮೀಟರ್ ಎತ್ತರಕ್ಕೂ ಒಯ್ಯುತ್ತದೆ. ಅಲ್ಲಿ ಕಬ್ಬಿಣ, ಮೆಗ್ನೀಸಿಯಂ ಅಯಾನುಗಳನ್ನು ಉಪಗ್ರಹಗಳು ಕಂಡಿವೆ. ಉಲ್ಕೆ ಕರಗುವುದು 75ರಿಂದ 110 ಕಿಲೋಮೀಟರಿನಲ್ಲಿ. ಅದಕ್ಕಿಂತ ಎಷ್ಟೋ ಮೇಲೆ ಲೋಹ ಸಿಕ್ಕಿದರೆ ಅದು ಬಿದ್ದ ಜಾಗವನ್ನಲ್ಲ, ಸಾಗಿಸಿದ ಕೈಯನ್ನು ಹೇಳುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಆಕ್ಷೇಪ ಸಹಜ. ಪದರ ಬಂದದ್ದರ ಅಳತೆಯಲ್ಲ ಎಂದಾದರೆ, ಬರುವ ಧೂಳೆಷ್ಟು ಎಂದು ತಿಳಿಯಲು ಅದರಿಂದ ಏನು ಪ್ರಯೋಜನ? ಆಕ್ಷೇಪದಲ್ಲಿ ತಿರುಳಿದೆ. ಭೂಮಿಗೆ ದಿನಕ್ಕೆ ಬೀಳುವ ಅಂತರಿಕ್ಷ ಧೂಳು ಬೇರೆ ಬೇರೆ ವಿಧಾನಗಳ ಪ್ರಕಾರ 3 ಟನ್ನಿನಿಂದ 300 ಟನ್ನಿನವರೆಗೆ ಎಂದು 2012ರ ಒಂದು ಸಮೀಕ್ಷೆಯಲ್ಲಿ ಪ್ಲೇನ್ ಪಟ್ಟಿ ಮಾಡಿದ್ದರು. ನೂರು ಪಟ್ಟು ವ್ಯತ್ಯಾಸ. ಕಕ್ಷೆಯಲ್ಲಿ ವರ್ಷಗಟ್ಟಲೆ ಇಟ್ಟಿದ್ದ ಒಂದು ಉಪಗ್ರಹದ ಫಲಕಗಳ ಮೇಲಿನ ಕುಳಿಗಳನ್ನು ಎಣಿಸಿ 1993ರಲ್ಲಿ ಲವ್ ಮತ್ತು ಬ್ರೌನ್‌ಲೀ ವರ್ಷಕ್ಕೆ 40,000 ಟನ್, 20,000 ಟನ್ನಿನ ಅನಿಶ್ಚಿತತೆಯೊಂದಿಗೆ, ಎಂದಿದ್ದರು. ಆದರೆ ವ್ಯತ್ಯಾಸವನ್ನು ಕುಗ್ಗಿಸಿದ್ದು ಮೂರು ಜರಡಿಗಳ ಲೆಕ್ಕವನ್ನೇ ಒಳಗೆ ತಂದುಕೊಂಡ ಮಾದರಿಗಳು. ಸೋಡಿಯಂ, ಕಬ್ಬಿಣಗಳ ಅಳತೆ ಒಂದು ಕಡೆ, ಕರಗದೆ ನೆಲಕ್ಕೆ ಬಿದ್ದ ಗುಂಡುಕಣಗಳ ಎಣಿಕೆ ಇನ್ನೊಂದು ಕಡೆ. ಎರಡನ್ನೂ ಒಟ್ಟಿಗೆ ಹೊಂದಿಸಬಲ್ಲ ಧೂಳಿನ ಪ್ರಮಾಣವನ್ನು ಹುಡುಕಿದಾಗ 2020ರ ಲೆಕ್ಕ ದಿನಕ್ಕೆ 28 ಟನ್ನಿಗೆ ಬಂತು, 16 ಟನ್ನಿನ ಅನಿಶ್ಚಿತತೆಯೊಂದಿಗೆ. ಅಂಟಾರ್ಕ್ಟಿಕಾದ ಕಾಂಕಾರ್ಡಿಯಾ ನೆಲೆಯ ಹತ್ತಿರ ಹಿಮ ಕರಗಿಸಿ ಕಣ ಹೆಕ್ಕಿದ ಫ್ರೆಂಚ್ ತಂಡ 2021ರಲ್ಲಿ ನೆಲಕ್ಕೆ ಮುಟ್ಟುವುದು ವರ್ಷಕ್ಕೆ 5,200 ಟನ್, ಗಾಳಿಗೆ ಬರುವುದು ಸುಮಾರು 15,000 ಟನ್ ಎಂದಿತು. ದಿನಕ್ಕೆ ನಲವತ್ತರ ಸುಮಾರು. ದಾರಿ ಬೇರೆ ಬೇರೆಯಾದರೂ ತಲುಪಿದ ಜಾಗ ಹತ್ತಿರ ಹತ್ತಿರವೇ. ಉಳಿದದ್ದರಿಂದ ಬಂದದ್ದನ್ನು ತಿಳಿಯಬಹುದು. ನಡುವೆ ಆದದ್ದನ್ನು ಬಿಡದೆ ಲೆಕ್ಕಕ್ಕೆ ತಂದರೆ ಮಾತ್ರ.

ಎರಡನೆಯ ಆಕ್ಷೇಪ: ಒಂದು ಲಾರಿ ಲೋಡಿನ ಲೋಹದಿಂದ ಏನಾದೀತು? ಪದರದ ಕೆಳಗೆ ಏನಾಗುತ್ತದೆಂದು ನೋಡಿದರೆ ಉತ್ತರವಿದೆ. ಸಂಯುಕ್ತವಾದ ಲೋಹ ಅಲ್ಲಿಗೇ ಮುಗಿಯುವುದಿಲ್ಲ. ಆ ಸಂಯುಕ್ತಗಳು ಒಂದಕ್ಕೊಂದು ಅಂಟಿ ನ್ಯಾನೊಮೀಟರ್ ಗಾತ್ರದ ಉಲ್ಕಾಹೊಗೆಯ ಕಣಗಳಾಗುತ್ತವೆ. ಧ್ರುವ ಪ್ರದೇಶಗಳ ಬೇಸಿಗೆಯಲ್ಲಿ 83 ಕಿಲೋಮೀಟರಿನ ಆಸುಪಾಸಿನಲ್ಲಿ ಕಾಣುವ ಇರುಳುಹೊಳಪಿನ ಮೋಡಗಳ ಹಿಮ ಕೂಡಲು ಈ ಕಣಗಳೇ ಬೀಜ ಎಂಬುದು ಇವತ್ತಿನ ಬಲವಾದ ಅಭಿಪ್ರಾಯ. ಮೋಡ ಕೂಡ ಸುಮ್ಮನಿರುವುದಿಲ್ಲ, ಲೋಹವನ್ನು ನುಂಗುತ್ತದೆ. 2004ರಲ್ಲಿ ದಕ್ಷಿಣ ಧ್ರುವದ ಲೈಡಾರ್ ಅಳತೆಗಳನ್ನು ಮುಂದಿಟ್ಟು ಪ್ಲೇನ್, ಮರ್ರಿ, ಚು ಮತ್ತು ಗಾರ್ಡನರ್ ಇದನ್ನು ತೋರಿಸಿದರು: ಮೋಡವಿದ್ದ ಎತ್ತರದಲ್ಲಿ ಕಬ್ಬಿಣದ ಪದರಕ್ಕೆ ಕಚ್ಚಿ ತೆಗೆದಂಥ ತೂತು. ಸಮೋಷ್ಣ ಮಂಡಲಕ್ಕೆ ಇಳಿದ ಹೊಗೆ ಅಲ್ಲಿನ ಗಂಧಕಾಮ್ಲದ ಹನಿಗಳಲ್ಲಿ ಸೇರುತ್ತದೆ. ಟನ್ನಿನ ಲೆಕ್ಕದಲ್ಲಿ ಅಲ್ಪವಾದದ್ದು ಕಣಗಳ ಸಂಖ್ಯೆಯ ಲೆಕ್ಕದಲ್ಲಿ ಅಲ್ಪವಲ್ಲ.

ಸರಕು ಅಲ್ಪವಾಗಿರುವುದರಿಂದಲೇ ಇನ್ನೊಂದು ಪ್ರಶ್ನೆ ತುರ್ತಾಗಿದೆ. ಇಲ್ಲಿಯವರೆಗೆ ಈ ಲೆಕ್ಕದಲ್ಲಿ ಆದಾಯವೆಲ್ಲ ಉಲ್ಕೆಗಳದು. ನಡುವೆ 1950, 60ರ ದಶಕಗಳ ಅತಿ ಎತ್ತರದ ಪರಮಾಣು ಪರೀಕ್ಷೆಗಳ ನಂತರ ಸಂಜೆಯಾಕಾಶದಲ್ಲಿ ಲಿಥಿಯಂ ರೇಖೆ ಹೆಚ್ಚಿದ್ದು ಬಿಟ್ಟರೆ ಮನುಷ್ಯನ ಪಾಲು ನಗಣ್ಯ. ಈಗ ಆಯುಸ್ಸು ಮುಗಿದ ಉಪಗ್ರಹಗಳನ್ನೂ ರಾಕೆಟ್ಟಿನ ಮೇಲ್ಹಂತಗಳನ್ನೂ ಗಾಳಿಯಲ್ಲಿ ಸುಟ್ಟುಹಾಕುವುದೇ ಶಿಸ್ತಿನ ವಿಲೇವಾರಿ ಎನಿಸಿಕೊಂಡಿದೆ. 2023ರಲ್ಲಿ ಡ್ಯಾನಿಯಲ್ ಮರ್ಫಿ ಮತ್ತು ಸಂಗಡಿಗರು ಅಲಾಸ್ಕಾದ ಮೇಲೆ ಎತ್ತರದ ವಿಮಾನದಿಂದ ಹೆಕ್ಕಿದ ಗಂಧಕಾಮ್ಲದ ಹನಿಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ದೊಡ್ಡ ಹನಿಗಳಲ್ಲಿ ಸುಮಾರು ಶೇಕಡಾ 10ರಲ್ಲಿ ಅಲ್ಯೂಮಿನಿಯಂ ಮತ್ತಿತರ ಬಾಹ್ಯಾಕಾಶ ನೌಕೆಗಳ ಲೋಹಗಳಿದ್ದವು. ಉಲ್ಕೆಗಳಿಂದ ಬಂತೆನ್ನಲಾಗದ ನಿಯೋಬಿಯಂ, ಹಾಫ್ನಿಯಂ ಸಹ. ಲಿಥಿಯಂ, ಅಲ್ಯೂಮಿನಿಯಂ, ತಾಮ್ರ, ಸೀಸಗಳಲ್ಲಿ ಮನುಷ್ಯನ ಪಾಲು ಈಗಾಗಲೇ ಅಂತರಿಕ್ಷ ಧೂಳಿನದನ್ನು ಮೀರಿದೆ ಎಂದು ಅವರ ಅಂದಾಜು.

ಇದಕ್ಕೂ ಒಂದು ಪ್ರತಿವಾದವಿದೆ, ತಳ್ಳಿಹಾಕುವಂಥದ್ದಲ್ಲ. ಉಪಗ್ರಹಗಳು ಸೆಕೆಂಡಿಗೆ ಎಂಟು ಕಿಲೋಮೀಟರಿಗಿಂತ ಕಡಿಮೆ ವೇಗದಲ್ಲಿ ಬರುತ್ತವೆ, ಉಲ್ಕೆಗಳಿಗಿಂತ ಕೆಳಗೆ, ಬಹುಪಾಲು 80 ಕಿಲೋಮೀಟರಿನ ಕೆಳಗೆ ಕರಗುತ್ತವೆ. ಆದ್ದರಿಂದ ಮೇಲಿನ ಪರಮಾಣು ಪದರಕ್ಕೆ ಅವುಗಳಿಂದ ಬಾಧೆಯಿಲ್ಲ ಎನ್ನುತ್ತಾರೆ. ಸರಾಸರಿಗೆ ಇದು ಸರಿ. ಆದರೆ ಉಲ್ಕೆಗಳಲ್ಲಿ ಕಂಡ ಮೊದಲ ಜರಡಿ ರಾಕೆಟ್ಟಿನ ಲೋಹದ ತೊಟ್ಟಿಗೂ ಅನ್ವಯಿಸಬೇಕಲ್ಲ: ಸುಲಭವಾಗಿ ಹಾರುವುದು ಮೊದಲು, ಎತ್ತರದಲ್ಲೇ ಹೊರಬೀಳಬೇಕು. 2025ರ ಫೆಬ್ರವರಿ 19ರಂದು ಫಾಲ್ಕನ್ 9 ರಾಕೆಟ್ಟಿನ ಮೇಲ್ಹಂತ ಯುರೋಪಿನ ಮೇಲೆ ಹತೋಟಿ ತಪ್ಪಿ ಬಿತ್ತು, ಅದರ ತುಣುಕುಗಳು ಪೋಲೆಂಡಿನಲ್ಲಿ ಸಿಕ್ಕವು. ಸುಮಾರು 20 ಗಂಟೆಗಳ ನಂತರ ಉತ್ತರ ಜರ್ಮನಿಯ ಕ್ಯೂಲುಂಗ್ಸ್‌ಬೋರ್ನಿನ ಲೈಡಾರ್ 96 ಕಿಲೋಮೀಟರಿನ ಸುತ್ತ ಲಿಥಿಯಂ ಪರಮಾಣುಗಳು ಹತ್ತು ಪಟ್ಟು ಏರಿದ್ದನ್ನು ಕಂಡಿತು. ಆ ಹಂತದ ತೊಟ್ಟಿಗಳು ಲಿಥಿಯಂ ಬೆರೆತ ಅಲ್ಯೂಮಿನಿಯಂನವು. ಲಿಥಿಯಂ ಹೀಗೆ ಸಿಕ್ಕಿಬೀಳಲು ಅದರ ಸಹಜ ಪ್ರಮಾಣ ತೀರ ಕಡಿಮೆ ಎಂಬುದೂ ಅದು ಪರಮಾಣುವಾಗಿ ಉಳಿಯುತ್ತದೆ ಎಂಬುದೂ ಕಾರಣ. ಅದರ ಜೊತೆಗೆ ಬಂದ, ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿನ ಅಲ್ಯೂಮಿನಿಯಂ ಆ ಲೈಡಾರಿಗೆ ಕಾಣುವಂತಿರಲಿಲ್ಲ. ಅಲ್ಯೂಮಿನಿಯಂ ಪರಮಾಣು ಆಮ್ಲಜನಕದ ಅಣು ಸಿಕ್ಕ ತಕ್ಷಣ ಆಕ್ಸೈಡ್ ಆಗಿಬಿಡುತ್ತದೆ. ಅದರ ಪರಮಾಣು ಪದರ ಎಂಬುದೇ ಏರ್ಪಡುವುದಿಲ್ಲ. ನಾವು ಅತಿ ಹೆಚ್ಚು ಸೇರಿಸುತ್ತಿರುವ ಲೋಹವೇ ಉಳಿದದ್ದರ ಪಟ್ಟಿಯಲ್ಲಿ ಇಲ್ಲದಿರುವಾಗ, ಪದರ ಬದಲಾಗಿಲ್ಲ ಎಂಬ ಮಾತನ್ನು ಏನೂ ಬಂದಿಲ್ಲ ಎಂಬುದಕ್ಕೆ ಪುರಾವೆಯಾಗಿ ಒಪ್ಪಲಾಗದು. ಅಲ್ಯೂಮಿನಿಯಂ ಆಕ್ಸೈಡಿನ ರೇಖೆಗೇ ಶ್ರುತಿ ಮಾಡಿದ ಲೈಡಾರುಗಳು ಬೇಕು. ಸಮೋಷ್ಣ ಮಂಡಲದ ಹನಿಗಳನ್ನು ಅಲಾಸ್ಕಾದ ಮೇಲೆ ಒಂದು ಸಲ ಹೆಕ್ಕಿದರೆ ಸಾಲದು, ಬೇರೆ ಅಕ್ಷಾಂಶಗಳಲ್ಲೂ ವರ್ಷವರ್ಷವೂ ಹೆಕ್ಕಬೇಕು.